ನಮ್ಮ ದೇಣಿಗೆ ಯಾವ ಸಂಸ್ಥೆಗೆ ಹೋಗಬೇಕೆಂದು ಗ್ರಾಹಕರನ್ನು ಕೇಳುವುದು ಹೇಗೆ?

ಪ್ರಶ್ನೆ: ಅಚ್ಚುಮನೆ

ನಾನೂ ನನ್ನ ತಮ್ಮನೂ ಸೇರಿ ಮುದ್ರಣ ಮತ್ತು ಬೈಂಡಿಂಗಿನ ಒಂದು ಸಣ್ಣ ಉದ್ದಿಮೆಯನ್ನು ನಡೆಸುತ್ತಿದ್ದೇವೆ. ನಮ್ಮಿಬ್ಬರನ್ನೂ ಸೇರಿಸಿ ಕೆಲಸ ಮಾಡುವವರು ಏಳು ಮಂದಿ. ನಾಲ್ಕು ವರ್ಷಗಳಿಂದ ಲಾಭದಲ್ಲಿ ಶೇಕಡಾ 2ರಷ್ಟನ್ನು ಯಾವುದಾದರೊಂದು ಸೇವಾಸಂಸ್ಥೆಗೆ ಕೊಡುವ ಪದ್ಧತಿ ಇಟ್ಟುಕೊಂಡಿದ್ದೇವೆ. ಮೊತ್ತ ದೊಡ್ಡದೇನಲ್ಲ, ಆದರೂ ಒಂದು ಚಿಕ್ಕ ಸಂಸ್ಥೆಗೆ ಕೆಲವು ತಿಂಗಳ ಬಾಡಿಗೆಯನ್ನೋ ಒಬ್ಬರ ಸಂಬಳವನ್ನೋ ತೂಗಿಸುವಷ್ಟು ಇರುತ್ತದೆ. ಯಾರಿಗೆ ಕೊಡಬೇಕೆಂಬುದನ್ನು ಇದುವರೆಗೆ ವರ್ಷದ ಲೆಕ್ಕ ಮುಗಿದ ಸಂಜೆ ನಾವಿಬ್ಬರೇ ಕುಳಿತು ತೀರ್ಮಾನಿಸುತ್ತಿದ್ದೆವು, ಮತ್ತು ನಿಜ ಹೇಳಬೇಕೆಂದರೆ ಆ ವಾರ ಯಾರು ಬಂದು ಕೇಳಿದ್ದರೋ ಅವರಿಗೇ ಅದು ಹೋಗುತ್ತಿತ್ತು.

ದುಡ್ಡು ಬಂದದ್ದು ಗ್ರಾಹಕರಿಂದ, ಹಾಗಿರುವಾಗ ಅದು ಎಲ್ಲಿಗೆ ಹೋಗಬೇಕೆಂದು ಅವರನ್ನೇ ಒಂದು ಮಾತು ಕೇಳಿದರೇನು ಎಂದು ಈ ವರ್ಷ ತಮ್ಮ ಕೇಳಿದ. ನನಗೂ ಸರಿಯೆನಿಸಿತು. ಹೆಚ್ಚು ಯೋಚಿಸದೆ ಕೌಂಟರಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ, ಕತ್ತರಿಸಿ ಉಳಿದ ಕಾಗದದ ಚೀಟಿಗಳ ಒಂದು ಕಟ್ಟು, ದಾರ ಕಟ್ಟಿದ ಒಂದು ಪೆನ್ನು, ಇಷ್ಟನ್ನಿಟ್ಟು, "ಈ ವರ್ಷದ ನಮ್ಮ ದೇಣಿಗೆ ಯಾರಿಗೆ ಸಲ್ಲಬೇಕು? ಹೆಸರು ಬರೆದು ಹಾಕಿ" ಎಂದು ಫಲಕ ಹಚ್ಚಿದೆವು. ಮೂರು ವಾರ ಕಳೆದು ಪೆಟ್ಟಿಗೆ ತೆರೆದಾಗ 64 ಚೀಟಿಗಳಿದ್ದವು, ಅವುಗಳಲ್ಲಿ 41 ಬೇರೆ ಬೇರೆ ಹೆಸರುಗಳು. ಒಂಬತ್ತು ಚೀಟಿಗಳಲ್ಲಿ ಒಂದೇ ಸಂಸ್ಥೆ, ಒಂದೇ ಕೈಬರಹ, ಒಂದೇ ಕಾಗುಣಿತದ ತಪ್ಪು. ಕೆಲವು ಹೆಸರುಗಳನ್ನು ಎಷ್ಟು ಹುಡುಕಿದರೂ ಅಂಥ ಸಂಸ್ಥೆ ಇರುವ ಸುಳಿವೇ ಸಿಗಲಿಲ್ಲ. ಒಬ್ಬರು "ನನಗೇ ಕೊಡಿ" ಎಂದು ಬರೆದು ಕೆಳಗೆ ರುಜು ಬೇರೆ ಹಾಕಿದ್ದರು. ಇನ್ನೊಂದರಲ್ಲಿ "ಮೊದಲು ನಿಮ್ಮ ಕೆಲಸದವರನ್ನು ಕೇಳಿ" ಎಂದಿತ್ತು. ಅದು ನಮ್ಮ ಬೈಂಡಿಂಗ್ ಮೇಜಿನವರದೇ ಅಕ್ಷರ ಎಂದು ತಮ್ಮನ ಗುಮಾನಿ.

ಹೀಗಾಗಿ ಫಲಿತಾಂಶವನ್ನು ಪ್ರಕಟಿಸದೆ ಪೆಟ್ಟಿಗೆಯನ್ನು ಒಳಗಿಟ್ಟಿದ್ದೇವೆ. ಗ್ರಾಹಕರು ಮಾತ್ರ "ಏನಾಯಿತು?" ಎಂದು ಕೇಳುತ್ತಿದ್ದಾರೆ, ಉತ್ತರಿಸಲು ಮುಜುಗರವಾಗುತ್ತಿದೆ. ಮತ್ತೊಮ್ಮೆ ಸರಿಯಾಗಿ ಮಾಡಬೇಕೆಂದಿದ್ದೇವೆ. ಹೆಸರುಗಳನ್ನು ಗ್ರಾಹಕರೇ ಸೂಚಿಸಬೇಕೋ, ನಾವೇ ಪಟ್ಟಿ ಮಾಡಿ ಅದರೊಳಗೆ ಆರಿಸಲು ಹೇಳಬೇಕೋ? ಹೆಚ್ಚು ಮತ ಬಂದವರಿಗೆ ಪೂರ್ತಿ ಮೊತ್ತ ಕೊಡಬೇಕೋ, ಹಂಚಬೇಕೋ? ಗ್ರಾಹಕರು ಆರಿಸಿದ ಸಂಸ್ಥೆ ನಮ್ಮ ಮನಸ್ಸಿಗೆ ಒಪ್ಪದಿದ್ದರೆ ಬೇಡವೆನ್ನುವ ಅಧಿಕಾರ ನಮಗಿದೆಯೇ? ಇಂಥದನ್ನು ನಡೆಸಿ ಅನುಭವವಿರುವವರು, ಅಥವಾ ಪಡೆಯುವ ಕಡೆಯಲ್ಲಿ ಕುಳಿತವರು, ದಯವಿಟ್ಟು ತಿಳಿಸಿ.


ಉತ್ತರ: ಮತಪೆಟ್ಟಿಗೆ

ಸಂಖ್ಯಾಶಾಸ್ತ್ರ ಕಲಿಸುವುದು ನನ್ನ ಉದ್ಯೋಗವಾದ್ದರಿಂದ ನಿಮ್ಮ 64 ಚೀಟಿಗಳ ಕತೆ ಓದಿ ನಗುವೂ ಬಂತು, ಕನಿಕರವೂ ಆಯಿತು. ನಿಮ್ಮ ಫಲಕ ಕೇಳಿದ್ದು ಒಂದು ಪ್ರಶ್ನೆಯಂತೆ ಕಂಡರೂ ಅದರೊಳಗೆ ಎರಡು ಪ್ರಶ್ನೆಗಳಿದ್ದವು. ಯಾವ ಕೆಲಸ ನಿಮಗೆ ಮುಖ್ಯವೆನಿಸುತ್ತದೆ ಎಂಬುದು ಮೊದಲನೆಯದು. ಆ ಕೆಲಸವನ್ನು ಯಾವ ಸಂಸ್ಥೆ ಚೆನ್ನಾಗಿ ಮಾಡುತ್ತಿದೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಪ್ರತಿಯೊಬ್ಬ ಗ್ರಾಹಕರ ಬಳಿಯೂ ಉತ್ತರವಿರುತ್ತದೆ, ಬಿಲ್ಲು ಕೊಡುವಷ್ಟು ಹೊತ್ತಿನಲ್ಲಿ ಹೇಳಬಲ್ಲರು. ಎರಡನೆಯದಕ್ಕೆ ಉತ್ತರಿಸಬೇಕಾದರೆ ಲೆಕ್ಕಪತ್ರ ನೋಡಬೇಕು, ಕೆಲಸ ನಡೆಯುವ ಜಾಗಕ್ಕೆ ಹೋಗಬೇಕು, ನಾಲ್ಕು ಜನರನ್ನು ವಿಚಾರಿಸಬೇಕು. ಅದನ್ನು ಗ್ರಾಹಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದ್ದರಿಂದ ಶೋಧಿಸುವ ಕೆಲಸ ನಿಮ್ಮದಾಗಲಿ, ಶೋಧಿಸಿ ಉಳಿದವುಗಳಲ್ಲಿ ಆರಿಸುವುದು ಮಾತ್ರ ಅವರದಾಗಲಿ. ಸೂಚನೆಗಳನ್ನು ಬೇಕಾದರೆ ಒಂದು ತಿಂಗಳ ಕಾಲ ತೆರೆದ ಮನಸ್ಸಿನಿಂದ ಸ್ವೀಕರಿಸಿ, ಆದರೆ ಸೂಚನೆಯೇ ಬೇರೆ, ಮತವೇ ಬೇರೆ ಎಂದು ಮೊದಲೇ ಹೇಳಿಬಿಡಿ.

ಇನ್ನು ಎಣಿಕೆಯ ವಿಷಯ. ಇಲ್ಲಿ ಬಹಳ ಮಂದಿ ಎಡವುತ್ತಾರೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿಮ್ಮ ಪಟ್ಟಿಯಲ್ಲಿ ನಾಲ್ಕು ಸಂಸ್ಥೆಗಳಿವೆ ಎಂದುಕೊಳ್ಳಿ. ಮೂರು ಪ್ರಾಣಿಗಳಿಗೆ ಸಂಬಂಧಿಸಿದವು, ಒಂದು ವೃದ್ಧರ ಆರೈಕೆಯದು. 120 ಮಂದಿ ಒಂದೊಂದು ಮತ ಹಾಕಿದರು: ಪ್ರಾಣಿಗಳ ಮೂರು ಸಂಸ್ಥೆಗಳಿಗೆ 31, 27 ಮತ್ತು 24, ವೃದ್ಧರ ಸಂಸ್ಥೆಗೆ 38. ಗೆದ್ದದ್ದು ವೃದ್ಧರ ಸಂಸ್ಥೆ. ಆದರೆ 82 ಮಂದಿಯ ಮನಸ್ಸಿದ್ದದ್ದು ಪ್ರಾಣಿಗಳ ಕಡೆಗೆ. ಯಾರೂ ಮೋಸ ಮಾಡಲಿಲ್ಲ, ಎಣಿಕೆ ತಪ್ಪಲಿಲ್ಲ, ಆದರೂ ಹೆಚ್ಚಿನವರ ಇಷ್ಟ ನೆರವೇರಲಿಲ್ಲ. ಇದನ್ನು ಫ್ರಾನ್ಸಿನ ಗಣಿತಜ್ಞ ಬೋರ್ಡಾ 1770ರಲ್ಲೇ ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದೆ ತೋರಿಸಿಕೊಟ್ಟಿದ್ದ. 1785ರಲ್ಲಿ ಕೊಂದೋರ್ಸೆ ಇದೇ ವಿಷಯದ ಮೇಲೆ ಒಂದು ದೊಡ್ಡ ಪ್ರಬಂಧವನ್ನೇ ಬರೆದ. ಪ್ರತಿಯೊಬ್ಬರೂ ಎಲ್ಲ ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಬರೆಯಬೇಕು, ಆ ಸ್ಥಾನಗಳಿಗೆ ಅಂಕ ಕೊಟ್ಟು ಕೂಡಬೇಕು ಎಂಬುದು ಬೋರ್ಡಾನ ಪರಿಹಾರ. ಜನ ತಮ್ಮವರನ್ನು ಗೆಲ್ಲಿಸಲು ಬಲಿಷ್ಠ ಎದುರಾಳಿಯನ್ನು ಬೇಕೆಂದೇ ಕೊನೆಗೆ ತಳ್ಳುತ್ತಾರಲ್ಲ ಎಂದು ಆಕ್ಷೇಪ ಬಂದಾಗ, ತನ್ನ ವಿಧಾನ ಇರುವುದು ಪ್ರಾಮಾಣಿಕರಿಗೆ ಮಾತ್ರ ಎಂದು ಅವನು ಹೇಳಿದನೆಂಬ ಪ್ರತೀತಿಯಿದೆ. ಒಂಬತ್ತು ಚೀಟಿಗಳನ್ನು ಒಬ್ಬರೇ ಹಾಕುವ ಜಾಗದಲ್ಲಿ ಅದು ನಡೆಯುವ ಮಾತಲ್ಲ.

ನಿಮ್ಮಂಥ ಚಿಕ್ಕ ಆಯ್ಕೆಗೆ ಇನ್ನೂ ಸರಳವಾದ ದಾರಿಯಿದೆ. ಚೀಟಿಯಲ್ಲಿ ಪಟ್ಟಿಯನ್ನು ಅಚ್ಚು ಹಾಕಿ, "ನಿಮಗೆ ಒಪ್ಪಿಗೆಯಿರುವ ಎಲ್ಲವಕ್ಕೂ ಗುರುತು ಹಾಕಿ, ಒಂದಕ್ಕೂ ಹಾಕಬಹುದು, ಮೂರಕ್ಕೂ ಹಾಕಬಹುದು" ಎಂದು ಬರೆಯಿರಿ. ಹೆಚ್ಚು ಗುರುತು ಪಡೆದದ್ದು ಗೆದ್ದಂತೆ. ಒಂದೇ ಬಗೆಯ ಸಂಸ್ಥೆಗಳು ಪರಸ್ಪರ ಮತ ಕಿತ್ತುಕೊಳ್ಳುವ ತೊಂದರೆ ಇದರಲ್ಲಿ ಬಹುಪಾಲು ಇಲ್ಲವಾಗುತ್ತದೆ. ಅದಕ್ಕಿಂತ ಮೊದಲು, ಪಟ್ಟಿ ಮಾಡುವಾಗಲೇ ಒಂದು ಕ್ಷೇತ್ರಕ್ಕೆ ಒಂದೇ ಸಂಸ್ಥೆ ಇರುವಂತೆ ನೋಡಿಕೊಳ್ಳುವುದು ಇನ್ನೂ ಒಳ್ಳೆಯದು.

ಚೀಟಿಯನ್ನು ಕಟ್ಟಿನಲ್ಲಿಡದೆ ಬಿಲ್ಲಿನ ಜೊತೆ ಒಂದೊಂದೇ ಕೊಡಿ. ಸಾವಿರ ಪ್ರತಿ ಅಚ್ಚು ಹಾಕಿಸಿದವರಿಗೂ ಒಂದೇ ಚೀಟಿ, ಒಂದು ವರದಿಗೆ ಬೈಂಡ್ ಹಾಕಿಸಿದವರಿಗೂ ಒಂದೇ ಚೀಟಿ. ಬ್ರಿಟನ್ನಿನ ವೇಟ್ರೋಸ್ ಮಳಿಗೆಗಳು 2008ರಲ್ಲಿ ಆರಂಭಿಸಿದ ವ್ಯವಸ್ಥೆ ಹೀಗೆಯೇ ಇತ್ತು: ಹಣ ಪಾವತಿಸಿದಾಗ ಕೈಗೊಂದು ಹಸಿರು ಬಿಲ್ಲೆ, ಹೊರಗೆ ಹೋಗುವ ದಾರಿಯಲ್ಲಿ ಮೂರು ಸಂಸ್ಥೆಗಳ ಮೂರು ಪೆಟ್ಟಿಗೆ, ಬಿದ್ದ ಬಿಲ್ಲೆಗಳ ಪ್ರಮಾಣದಲ್ಲಿ ಆ ಶಾಖೆಯ ತಿಂಗಳ ದೇಣಿಗೆ ಮೂವರಿಗೂ ಹಂಚಿಕೆ. ಸೋತವರು ಬರಿಗೈಯಲ್ಲಿ ಹೋಗುವುದಿಲ್ಲ ಎಂಬುದು ಅದರಲ್ಲಿ ನನಗೆ ಹಿಡಿಸಿದ ಅಂಶ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: ಇಂಥ ಪಾರದರ್ಶಕ ಪೆಟ್ಟಿಗೆಗಳ ಎದುರು ನಿಂತು ನಾನು ಬಹಳ ಹೊತ್ತು ಜನರನ್ನು ಗಮನಿಸಿದ್ದೇನೆ. ಬಿಲ್ಲೆಯನ್ನು ಬೆರಳಲ್ಲಿ ಹಿಡಿದು, ಹೆಸರು ಓದುವ ಮೊದಲು ಮಟ್ಟ ನೋಡುತ್ತಾರೆ. ಕೆಲವರು ತುಂಬಿದ್ದರಲ್ಲಿ ಹಾಕುತ್ತಾರೆ, ಕೆಲವರು ಪಾಪ ಎಂದುಕೊಂಡು ಖಾಲಿಯಿರುವುದರಲ್ಲಿ ಹಾಕುತ್ತಾರೆ, ಕೈಯಲ್ಲಿ ಮಗುವಿದ್ದರೆ ಮಗುವಿಗೆ ಎಟಕುವುದರಲ್ಲಿ ಬೀಳುತ್ತದೆ. ನೀವು ಒಳಗೆ ಕಾಣದ ಪೆಟ್ಟಿಗೆಯನ್ನೇ ಇಡಿ, ಚೀಟಿಯಲ್ಲಿ ಹೆಸರುಗಳ ಕ್ರಮವನ್ನು ವಾರಕ್ಕೊಮ್ಮೆ ಬದಲಾಯಿಸಿ. ಮುದ್ರಣಾಲಯದವರಿಗೆ ಇದೇನು ದೊಡ್ಡ ಕೆಲಸವೇ?

ಅಂತರ್ಜಾಲದಲ್ಲಿ ಮತ ಹಾಕಿಸುವ ಆಸೆಯಿದ್ದರೆ ಬಿಟ್ಟುಬಿಡಿ. ಪೆಪ್ಸಿ ಕಂಪನಿ 2010ರಲ್ಲಿ 2 ಕೋಟಿ ಡಾಲರ್ ಹಂಚುವ ಯೋಜನೆಯೊಂದನ್ನು ಸಾರ್ವಜನಿಕರ ಮತಕ್ಕೆ ಬಿಟ್ಟಾಗ, ಕೂಟ ಕಟ್ಟಿಕೊಂಡು ಮತ ವಿನಿಮಯ ಮಾಡಿಕೊಳ್ಳುತ್ತಿದ್ದಾರೆ, ಬೇರೆಯವರ ಪರವಾಗಿ ರಾಶಿ ಮತ ಹಾಕಿಸುತ್ತಿದ್ದಾರೆ ಎಂಬ ದೂರುಗಳು ಪತ್ರಿಕೆಗಳವರೆಗೂ ಹೋದವು. ಅಷ್ಟು ದೊಡ್ಡವರಿಂದಲೇ ಕಾಯಲಾಗದ್ದನ್ನು ಏಳು ಮಂದಿ ಕಾಯುವುದು ಕಷ್ಟ.


ಉತ್ತರ: ಲೆಕ್ಕಪತ್ರ

ಮತಪೆಟ್ಟಿಗೆಯವರು ಎಣಿಕೆಯ ಬಗ್ಗೆ ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ನಾನು ಹಿಡಿದುಕೊಳ್ಳುವುದು ನಿಮ್ಮ ತಮ್ಮನ ಮಾತನ್ನು: "ದುಡ್ಡು ಬಂದದ್ದು ಗ್ರಾಹಕರಿಂದ." ಕೇಳಲು ಚೆನ್ನಾಗಿದೆ, ಆದರೆ ಲೆಕ್ಕದ ದೃಷ್ಟಿಯಿಂದ ಸರಿಯಲ್ಲ. ಗ್ರಾಹಕರು ಕೊಟ್ಟದ್ದು ಅಚ್ಚಿನ ಕೆಲಸಕ್ಕೆ, ಆ ಕೆಲಸ ಅವರ ಕೈ ಸೇರಿದೆ, ವ್ಯವಹಾರ ಮುಗಿದಿದೆ. ಖರ್ಚು ಕಳೆದು ಉಳಿದ ಲಾಭ ನಿಮ್ಮದು, ಅದರಿಂದ ಕೊಡುವ ದೇಣಿಗೆಯ ದಾನಿ ನೀವು. ರಸೀದಿ ಬರುವುದು ನಿಮ್ಮ ಹೆಸರಿಗೆ, ನಾಳೆ ಆ ಸಂಸ್ಥೆಯ ಬಗ್ಗೆ ಏನಾದರೂ ಕೆಟ್ಟದ್ದು ಹೊರಬಿದ್ದರೆ ಮಾತು ಬರುವುದೂ ನಿಮ್ಮ ಮೇಲೆ. ಆದ್ದರಿಂದ ಬೇಡವೆನ್ನುವ ಅಧಿಕಾರ ನಿಮಗಿದೆಯೇ ಎಂದು ಕೇಳಿದ್ದೀರಲ್ಲ, ಅದು ಅಧಿಕಾರ ಮಾತ್ರವಲ್ಲ, ನಿಮ್ಮ ಹೊಣೆಯೂ ಹೌದು. ಆದರೆ ಆ ಅಧಿಕಾರವನ್ನು ಬಳಸಬೇಕಾದದ್ದು ಮತಕ್ಕೆ ಮೊದಲು, ಪಟ್ಟಿ ಮಾಡುವಾಗ. ಮತ ಎಣಿಸಿದ ಮೇಲೆ ಬೇಡವೆಂದರೆ ಅದು ಮೋಸದಂತೆಯೇ ಕಾಣುತ್ತದೆ, ನಿಮ್ಮ ಕಾರಣ ಎಷ್ಟು ಒಳ್ಳೆಯದಿದ್ದರೂ ಸರಿ.

ಬಿಲ್ಲಿನ ಮೊತ್ತವನ್ನು ಮೇಲಕ್ಕೆ ಸರಿಸಿ ಚಿಲ್ಲರೆಯನ್ನು ಗ್ರಾಹಕರಿಂದಲೇ ದೇಣಿಗೆಯಾಗಿ ಪಡೆಯುವ ಇನ್ನೊಂದು ಬಗೆಯಿದೆ. ಅಲ್ಲಿ ದಾನಿಗಳು ಗ್ರಾಹಕರು, ನೀವು ಬರೀ ದಾಟಿಸುವವರು. ಆ ಹಣ ನಿಮ್ಮ ಆದಾಯವಲ್ಲ. ಬೇರೆಯಾಗಿ ಬರೆದಿಟ್ಟು, ಬೇರೆಯಾಗಿಯೇ ತಲುಪಿಸಬೇಕು. ಅದನ್ನು ಸಂಗ್ರಹಿಸಿ ತಮ್ಮ ಹೆಸರಿನಲ್ಲಿ ಕೊಟ್ಟು ಹೊಗಳಿಸಿಕೊಳ್ಳುವುದು ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಗಾದೆಗೆ ಸರಿಯಾಗುತ್ತದೆ. ಎರಡನ್ನೂ ಬೆರೆಸಬೇಡಿ.

ಮುಂದಿನದು ಮೊತ್ತ. "ಲಾಭದ ಶೇಕಡಾ 2" ಎಂಬುದು ನಿಮಗೆ ಅರ್ಥವಾಗುತ್ತದೆ, ಕೌಂಟರಿನ ಆಚೆ ನಿಂತವರಿಗೆ ಏನೂ ಹೇಳುವುದಿಲ್ಲ. ಲಾಭವೆಷ್ಟು ಎಂದು ಅವರಿಗೆ ಗೊತ್ತಿಲ್ಲ, ನಷ್ಟವಾದ ವರ್ಷದಲ್ಲಿ ಶೇಕಡಾ 2 ಎಂದರೆ ಸೊನ್ನೆ. ಲೆಕ್ಕ ಮುಗಿಸಿ, ಇಂತಿಷ್ಟು ಎಂದು ಅಂಕಿಯಲ್ಲೇ ಪ್ರಕಟಿಸಿ, ಅದಾದ ಮೇಲೆ ಮತ ಕೇಳಿ. ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ 1983ರಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ದುರಸ್ತಿಗೆ ಹಣ ಕೂಡಿಸಿದ್ದನ್ನು ವ್ಯಾಪಾರ ಮತ್ತು ದಾನ ಬೆಸೆದುಕೊಂಡ ಪ್ರಚಾರಗಳಿಗೆ ಮಾದರಿ ಎಂದು ಈಗಲೂ ಹೇಳುತ್ತಾರೆ. ಕಾರ್ಡು ಒಮ್ಮೆ ಬಳಸಿದರೆ ಒಂದು ಸೆಂಟ್, ಹೊಸ ಕಾರ್ಡು ಪಡೆದರೆ ಒಂದು ಡಾಲರ್ ಎಂದು ಅವರು ಹೇಳಿದ್ದು ಯಾರಿಗಾದರೂ ಅರ್ಥವಾಗುವ ಮಾತಾಗಿತ್ತು. ಕೂಡಿದ್ದು ಸುಮಾರು 17 ಲಕ್ಷ ಡಾಲರ್. "ನಿಮ್ಮ ಖರೀದಿಯ ಒಂದು ಭಾಗ ಸತ್ಕಾರ್ಯಕ್ಕೆ" ಎಂಬಂಥ ತೇಲಿಕೆಯ ಮಾತನ್ನು ಕೆಲವು ದೇಶಗಳ ಕಾನೂನೇ ಒಪ್ಪುವುದಿಲ್ಲ. ಇಂಗ್ಲೆಂಡಿನ 1992ರ ದತ್ತಿ ಕಾಯ್ದೆಯ ಪ್ರಕಾರ, ಮಾರಾಟಕ್ಕೆ ಸೇವಾಸಂಸ್ಥೆಯ ಹೆಸರನ್ನು ಬಳಸುವ ವ್ಯಾಪಾರಿ ಆ ಸಂಸ್ಥೆಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು, ಸಂಸ್ಥೆಗೆ ಎಷ್ಟು ಸಲ್ಲುತ್ತದೆ ಎಂಬುದನ್ನು ಗ್ರಾಹಕರಿಗೆ ತಿಳಿಸಬೇಕು. ನೀವಿರುವ ಕಡೆಯ ನಿಯಮವನ್ನು ನಿಮ್ಮ ಲೆಕ್ಕಪರಿಶೋಧಕರಲ್ಲಿ ಕೇಳಿಕೊಳ್ಳಿ. ಮತ ಹಾಕಿದವರಿಗೆ ಚೀಟಿ ಎತ್ತಿ ಬಹುಮಾನ ಕೊಡುವ ಯೋಚನೆ ಬಂದರೆ ಅದನ್ನೂ ಕೇಳಿ, ಏಕೆಂದರೆ ಖರೀದಿಸಿದವರಿಗೆ ಮಾತ್ರ ಅದೃಷ್ಟದ ಬಹುಮಾನ ಎಂಬುದು ಎಷ್ಟೋ ಕಡೆ ಲಾಟರಿ ಕಾನೂನಿನ ಕೆಳಗೆ ಬಂದುಬಿಡುತ್ತದೆ.

ಶೋಧನೆ ಹೇಗೆ? ನೋಂದಣಿ ಪತ್ರ, ಕಳೆದ ಎರಡು ವರ್ಷಗಳ ಲೆಕ್ಕ, ಆಡಳಿತ ಮಂಡಳಿಯವರ ಹೆಸರುಗಳು, ಸಂಸ್ಥೆಯ ಹೆಸರಿನಲ್ಲೇ ಇರುವ ಬ್ಯಾಂಕ್ ಖಾತೆ. ಈ ನಾಲ್ಕರಲ್ಲಿ ಕೊನೆಯದರ ಬಗ್ಗೆ ನಾನು ಹಟಮಾರಿ. ನನ್ನ ಕಕ್ಷಿದಾರರೊಬ್ಬರು ಅವಸರದಲ್ಲಿ, ಸಂಸ್ಥೆಯ ಖಾತೆ ಸದ್ಯಕ್ಕೆ ಸರಿಯಿಲ್ಲ ಎಂಬ ಮಾತು ನಂಬಿ, ಕಾರ್ಯದರ್ಶಿಯ ಸ್ವಂತ ಖಾತೆಗೆ ಹಣ ಹಾಕಿ ಕೈ ಸುಟ್ಟುಕೊಂಡರು. ರಸೀದಿ ಇಂದಿಗೂ ಬಂದಿಲ್ಲ. ಇನ್ನು "ಆಡಳಿತ ವೆಚ್ಚ ಶೇಕಡಾ ಇಷ್ಟಕ್ಕಿಂತ ಕಡಿಮೆ ಇರಬೇಕು" ಎಂಬ ಒಂದೇ ಅಳತೆಗೋಲು ಹಿಡಿದು ಹೊರಡಬೇಡಿ. ಅಮೆರಿಕದಲ್ಲಿ ಸೇವಾಸಂಸ್ಥೆಗಳನ್ನು ಅಳೆಯುವ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮೊದಲಾದ ಮೂರು ಸಂಸ್ಥೆಗಳೇ 2013ರಲ್ಲಿ ದಾನಿಗಳಿಗೆ ಬಹಿರಂಗ ಪತ್ರ ಬರೆದು, ಆಡಳಿತ ವೆಚ್ಚದ ಪ್ರಮಾಣವೊಂದರಿಂದಲೇ ಸಂಸ್ಥೆಯ ಯೋಗ್ಯತೆ ನಿರ್ಧರಿಸಬೇಡಿ ಎಂದು ಕೇಳಿಕೊಂಡವು. ಲೆಕ್ಕ ಬರೆಯುವವರಿಗೆ ಸಂಬಳ ಕೊಡದ ಸಂಸ್ಥೆಯ ಲೆಕ್ಕ ಹೇಗಿರುತ್ತದೆ ಎಂಬುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.


ಉತ್ತರ: ಕ್ಷೇತ್ರ ಕಾರ್ಯಕರ್ತೆ

ಪಡೆಯುವ ಕಡೆಯಲ್ಲಿ ಕುಳಿತವರು ಹೇಳಿ ಎಂದಿದ್ದೀರಿ. ಹದಿಮೂರು ವರ್ಷಗಳಿಂದ ಒಂದು ಚಿಕ್ಕ ಸಂಸ್ಥೆಯಲ್ಲಿದ್ದೇನೆ. ವ್ಯಸನದಿಂದ ಹೊರಬರುತ್ತಿರುವವರ ಜೊತೆ ನಮ್ಮ ಕೆಲಸ.

ಮೊದಲು ಕೇಳಿಕೊಳ್ಳುವುದೆಂದರೆ, ನಮ್ಮನ್ನು ಕೇಳದೆ ನಮ್ಮ ಹೆಸರನ್ನು ಪಟ್ಟಿಗೆ ಹಾಕಬೇಡಿ. ಒಮ್ಮೆ ಒಂದು ವ್ಯಾಪಾರ ಸಂಸ್ಥೆಯವರು ಹೀಗೆಯೇ ಐದು ಹೆಸರು ಹಾಕಿ ಮತ ಕರೆದಿದ್ದರು. ನಮ್ಮ ಹೆಸರೂ ಅದರಲ್ಲಿದೆ ಎಂಬುದು ನಮಗೆ ತಿಳಿದದ್ದು ಯಾರೋ ಫೋನ್ ಮಾಡಿ ಅಭಿನಂದಿಸಿದಾಗ. ಆಮೇಲೆ ಹತ್ತು ದಿನ ನಮ್ಮ ಕಚೇರಿಯಲ್ಲಿ ಬೇರೆ ಮಾತೇ ಇರಲಿಲ್ಲ. ಮನೆ ಭೇಟಿಗೆ ಹೋಗಬೇಕಾದ ಹುಡುಗರು ಫೋನ್ ಹಿಡಿದು ಪರಿಚಯದವರಿಗೆಲ್ಲ ಮತ ಹಾಕಿ ಎಂದು ಸಂದೇಶ ಕಳಿಸುತ್ತ ಕುಳಿತರು. ಬೇಡವೆನ್ನಲು ನನಗೂ ಬಾಯಿ ಬರಲಿಲ್ಲ, ಏಕೆಂದರೆ ಬಂದರೆ ಮೂರು ತಿಂಗಳ ಬಾಡಿಗೆಯಾಗುತ್ತಿತ್ತು. ನಾಲ್ಕನೆಯ ಸ್ಥಾನ ಬಂತು, ಒಂದು ಪ್ರಶಂಸಾಪತ್ರ ಬಂತು. ಆ ಹತ್ತು ದಿನಗಳ ಕೆಲಸದ ಬೆಲೆ ಯಾವ ಲೆಕ್ಕದಲ್ಲೂ ಬರೆಯಲ್ಪಟ್ಟಿಲ್ಲ. ಆದ್ದರಿಂದ ಮತ ಯಾಚನೆಗೆ ಅವಕಾಶವಿಲ್ಲದ ವ್ಯವಸ್ಥೆ ಮಾಡಿ. ಬಿಲ್ಲಿನ ಜೊತೆ ಚೀಟಿ ಎಂದಾಗ ಅದು ತಾನಾಗಿಯೇ ಆಗುತ್ತದೆ, ಮತಪೆಟ್ಟಿಗೆಯವರ ಸಲಹೆಯನ್ನು ನಾನು ಅನುಮೋದಿಸುವುದು ಆ ಕಾರಣಕ್ಕೆ.

ಎರಡನೆಯದು ಚಿತ್ರಗಳು. ಮಗುವಿನ ನಗುಮುಖ, ನಾಯಿಮರಿಯ ಕಣ್ಣು, ಇವುಗಳ ಪಕ್ಕದಲ್ಲಿ ನಮ್ಮವರ ಮುಖ ಯಾರಿಗೂ ಬೇಡ. ಕೈದಿಗಳಿಗೆ ಕಾನೂನು ನೆರವು ಕೊಡುವವರದೂ, ಮಾನಸಿಕ ಕಾಯಿಲೆಯವರ ಜೊತೆ ಇರುವವರದೂ, ಶೌಚಾಲಯ ಕಟ್ಟಿಸುವವರದೂ ಇದೇ ಪಾಡು. ಇದು ಗ್ರಾಹಕರ ತಪ್ಪೇನಲ್ಲ, ಮನುಷ್ಯ ಸ್ವಭಾವವೇ ಹಾಗೆ. ಡೆಬೊರಾ ಸ್ಮಾಲ್, ಜಾರ್ಜ್ ಲೊವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್ ಅವರು 2007ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಲಕ್ಷಾಂತರ ಜನರ ಹಸಿವಿನ ಅಂಕಿ ಅಂಶ ಓದಿದವರಿಗಿಂತ ಹೆಸರು ಮತ್ತು ಚಿತ್ರವಿದ್ದ ಒಬ್ಬಳೇ ಹುಡುಗಿಯ ಕತೆ ಓದಿದವರು ಹೆಚ್ಚು ಹಣ ಕೊಟ್ಟರು. ಅಷ್ಟೇ ಅಲ್ಲ, ಆ ಕತೆಯ ಜೊತೆಗೆ ಅಂಕಿಗಳನ್ನೂ ಇಟ್ಟಾಗ ಕೊಡುವುದು ಕಡಿಮೆಯಾಯಿತು. ನಿಮ್ಮ ಚೀಟಿಯಲ್ಲಿ ಯಾರ ಚಿತ್ರವೂ ಬೇಡ. ಪ್ರತಿ ಸಂಸ್ಥೆಗೂ ಒಂದೇ ಅಳತೆಯ ಎರಡು ವಾಕ್ಯ ಇರಲಿ, ಮತ್ತು ಈ ಮೊತ್ತ ಬಂದರೆ ಅದರಿಂದ ಏನು ಮಾಡುತ್ತಾರೆ ಎಂಬುದನ್ನು ಆ ಸಂಸ್ಥೆಯವರಿಂದಲೇ ಬರೆಸಿಕೊಳ್ಳಿ.

ಹಂಚುವ ವಿಚಾರದಲ್ಲಿ ಅತಿ ಬೇಡ. ಅಮೆಜಾನ್ ಕಂಪನಿ 2013ರಿಂದ 2023ರವರೆಗೆ ಒಂದು ಯೋಜನೆ ನಡೆಸಿತು. ಗ್ರಾಹಕರು ತಮಗೆ ಬೇಕಾದ ಸಂಸ್ಥೆಯನ್ನು ಆರಿಸಿಕೊಂಡರೆ, ಅರ್ಹ ಖರೀದಿಯ ಶೇಕಡಾ 0.5ರಷ್ಟು ಅದಕ್ಕೆ ಹೋಗುತ್ತಿತ್ತು. ಅದನ್ನು ನಿಲ್ಲಿಸುವಾಗ ಕಂಪನಿ ಕೊಟ್ಟ ಕಾರಣವೇನೆಂದರೆ, ಅರ್ಹ ಸಂಸ್ಥೆಗಳು ಹತ್ತು ಲಕ್ಷಕ್ಕೂ ಹೆಚ್ಚಿದ್ದು ಹಣ ತೀರಾ ತೆಳುವಾಗಿ ಹರಡಿಹೋಯಿತು ಎಂದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮೂರೇ ಸಂಸ್ಥೆಗಳನ್ನು ಆರಿಸಿ, ಮೊತ್ತವನ್ನು ಐದು ಪಾಲು ಮಾಡಿ, ಗೆದ್ದವರಿಗೆ ಮೂರು, ಉಳಿದಿಬ್ಬರಿಗೆ ಒಂದೊಂದು ಕೊಟ್ಟರೆ ಯಾರ ಶ್ರಮವೂ ವ್ಯರ್ಥವಾಗುವುದಿಲ್ಲ. ಕೊಟ್ಟ ಮೇಲೆ ಇದಕ್ಕೇ ಬಳಸಬೇಕು, ಅದಕ್ಕೆ ಬಳಸಬಾರದು ಎಂಬ ಷರತ್ತು ಹಾಕಬೇಡಿ. ಕಂಪ್ಯೂಟರ್ ಕೊಡಿಸಲು ಎಲ್ಲರೂ ಮುಂದೆ ಬರುತ್ತಾರೆ, ಅದು ಓಡುವ ವಿದ್ಯುತ್ತಿನ ಬಿಲ್ಲು ಕಟ್ಟಲು ಯಾರೂ ಇಲ್ಲ. ಬಾಗಿಲಿನಷ್ಟು ದೊಡ್ಡ ಚೆಕ್ಕು ಹಿಡಿದು ಫೋಟೋ ತೆಗೆಸಲು ನಮ್ಮನ್ನು ಅರ್ಧ ದಿನ ನಿಲ್ಲಿಸಬೇಡಿ ಎಂಬುದನ್ನು ಮುದ್ರಣದವರಿಗೆ ಹೇಳುವುದು ಕಷ್ಟ, ಆದರೂ ಹೇಳಿದ್ದೇನೆ.


ಉತ್ತರ: ಸಂಶಯಿ

ಎಲ್ಲರೂ ಹೇಗೆ ಕೇಳಬೇಕೆಂದು ಹೇಳುತ್ತಿದ್ದೀರಿ, ಏಕೆ ಕೇಳಬೇಕೆಂದು ಯಾರೂ ಕೇಳುತ್ತಿಲ್ಲ. ನಾಲ್ಕು ವರ್ಷ ಸದ್ದಿಲ್ಲದೆ ಕೊಟ್ಟಿದ್ದೀರಿ, ಅದೇ ದೊಡ್ಡದು. ಗ್ರಾಹಕರನ್ನು ಕರೆದ ಕ್ಷಣದಿಂದ ಅದು ಜಾಹೀರಾತೂ ಆಗುತ್ತದೆ. ಜಾಹೀರಾತು ತಪ್ಪಲ್ಲ, ಆದರೆ ಹಾಗೆಂದು ನಿಮ್ಮೊಳಗಾದರೂ ಒಪ್ಪಿಕೊಳ್ಳಿ. ಒಂದು ಪರೀಕ್ಷೆ ಹೇಳುತ್ತೇನೆ: ಚೀಟಿಯಲ್ಲಿ ಗ್ರಾಹಕರ ಹೆಸರು, ಫೋನ್ ಸಂಖ್ಯೆ ಬರೆಯಲು ಜಾಗ ಬಿಡುವ ಮನಸ್ಸಾಯಿತೇ? ಆಗಿದ್ದರೆ ನಿಮಗೆ ಬೇಕಾಗಿರುವುದು ಅವರ ಅಭಿಪ್ರಾಯವಲ್ಲ, ಅವರ ವಿಳಾಸ. ಇನ್ನೊಂದು, ಬೇಡವೆನ್ನುವವರನ್ನು ಬಿಟ್ಟುಬಿಡಿ. ಬೈಂಡಿಂಗಿಗೆ ಬಂದವರ ಎದುರು ಪೆನ್ನು ಹಿಡಿದು ನಿಂತು, ಅನಾಥ ಮಕ್ಕಳೋ ವೃದ್ಧರೋ ಈಗಲೇ ಹೇಳಿ ಎನ್ನುವುದು ಒಂದು ಬಗೆಯ ಹಿಂಸೆ. ನನ್ನಂಥವರು ಮುಂದಿನ ಸಲ ಬೇರೆ ಕಡೆ ಹೋಗುತ್ತಾರೆ.


ಮರುಪತ್ರ: ಅಚ್ಚುಮನೆ

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಋಣಿ. ನಿನ್ನೆ ರಾತ್ರಿ ಏಳೂ ಮಂದಿ ಕುಳಿತು ಇದನ್ನೆಲ್ಲ ಓದಿದೆವು. ಆ ಚೀಟಿ ಬರೆದದ್ದು ಬೈಂಡಿಂಗ್ ಮೇಜಿನವರೇ ಎಂಬುದು ಅಲ್ಲೇ ಗೊತ್ತಾಯಿತು; ಅವರೇ ನಗುತ್ತ ಒಪ್ಪಿಕೊಂಡರು, ನನಗೆ ಸ್ವಲ್ಪ ನಾಚಿಕೆಯಾಯಿತು. ಹೊಲಿಗೆ, ಅಂಟು, ರಟ್ಟು ಎಂದು ದಿನವಿಡೀ ದುಡಿದು ಆ ಲಾಭ ತಂದವರು ಅವರು, ಮತ್ತು ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಅವರನ್ನು ಕೇಳುವುದು ನಮಗೆ ಹೊಳೆದಿರಲಿಲ್ಲ. ಹಾಗಾಗಿ ಮೂರು ಸಂಸ್ಥೆಗಳ ಪಟ್ಟಿಯನ್ನು ಈ ಸಲ ಕೆಲಸದವರೇ ಮಾಡುತ್ತಾರೆ. ಗ್ರಾಹಕರ ಹಳೆಯ 41 ಹೆಸರುಗಳು ಅವರ ಮುಂದಿರುತ್ತವೆ, ಕಾಗದಪತ್ರಗಳ ಪರಿಶೀಲನೆ ನನ್ನದು, ಹೋಗಿ ನೋಡಿ ಬರುವುದು ತಮ್ಮನದು. ಮೂವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದ ಮೇಲೆ ಚೀಟಿ ಅಚ್ಚಾಗುತ್ತದೆ.

ಬಿಲ್ಲಿನ ಜೊತೆ ಒಂದು ಚೀಟಿ, ಒಪ್ಪಿಗೆಯಿರುವ ಎಲ್ಲಕ್ಕೂ ಗುರುತು, ಐದು ಪಾಲಿನ ಹಂಚಿಕೆ, ಚಿತ್ರವಿಲ್ಲ, ಹೆಸರು ಮತ್ತು ಫೋನ್ ಸಂಖ್ಯೆಯಿಲ್ಲ. ಸಂಶಯಿಯವರೇ, ಫೋನ್ ಸಂಖ್ಯೆಗೆ ಜಾಗ ಬಿಟ್ಟ ಒಂದು ಕರಡು ನಿಜವಾಗಿಯೂ ತಮ್ಮನ ಕಂಪ್ಯೂಟರಿನಲ್ಲಿತ್ತು, ನಿಮ್ಮ ಮಾತು ಓದಿದ ಮೇಲೆ ಅಳಿಸಿದ್ದಾನೆ. ಆದರೆ ಕೇಳುವುದೇ ಬೇಡ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ. ನಾವಿಬ್ಬರೇ ತೀರ್ಮಾನಿಸುತ್ತಿದ್ದಾಗ ಹಣ ಹೋಗುತ್ತಿದ್ದದ್ದು ಬಾಗಿಲಿಗೆ ಬಂದವರಿಗೆ. ಬಾಗಿಲಿಗೆ ಬರಲಾಗದವರ ಹೆಸರುಗಳು ಆ 41ರಲ್ಲಿ ಕೆಲವಾದರೂ ಇವೆ. ಹಳೆಯ ಪೆಟ್ಟಿಗೆಯ ಬಗ್ಗೆ ಏನಾಯಿತು ಎಂದು ಕೇಳುವವರಿಗೆ ಇದ್ದದ್ದನ್ನು ಇದ್ದಂತೆ, ಒಂಬತ್ತು ಚೀಟಿಗಳ ವಿಷಯವನ್ನೂ ಸೇರಿಸಿ, ಒಂದು ಕಾಗದದಲ್ಲಿ ಬರೆದು ಕೌಂಟರಿನ ಪಕ್ಕ ಅಂಟಿಸಿದ್ದೇವೆ.

ಒಂದು ತೊಡಕು ಉಳಿದಿದೆ. ಕೆಲಸದವರು ಸೂಚಿಸಿರುವ ಒಂದು ಸಂಸ್ಥೆ ನಮ್ಮ ಹಳೆಯ ಗ್ರಾಹಕರು. ತಮ್ಮ ವಾರ್ಷಿಕ ವರದಿಯನ್ನು ನಮ್ಮಲ್ಲೇ ಮುದ್ರಿಸುತ್ತಾರೆ. ಕೆಲಸ ಒಳ್ಳೆಯದು, ಲೆಕ್ಕ ಅಚ್ಚುಕಟ್ಟು. ಅವರನ್ನು ಸೇರಿಸಬಹುದೇ?


ಉತ್ತರ: ಲೆಕ್ಕಪತ್ರ

ಈ ವರ್ಷ ಬಿಡಿ. ನೀವು ಕೊಟ್ಟ ಹಣದಲ್ಲಿ ಅವರು ನಿಮ್ಮಲ್ಲೇ ಮುದ್ರಣ ಮಾಡಿಸಿದರೆ, ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಪಡೆದರು ಎಂದು ಯಾರಾದರೂ ಹೇಳಿದಾಗ ನಿಮ್ಮಲ್ಲಿ ಉತ್ತರವಿರುವುದಿಲ್ಲ. ಆ ಸಂಸ್ಥೆಯ ಮೇಲೆ ಅಷ್ಟು ವಿಶ್ವಾಸವಿದ್ದರೆ ಅವರ ವರದಿಯ ಬಿಲ್ಲಿನಲ್ಲೇ ರಿಯಾಯಿತಿ ಕೊಡಿ, ಅದಕ್ಕೆ ಮತವೂ ಬೇಡ, ಪೆಟ್ಟಿಗೆಯೂ ಬೇಡ. ಮುಂದೆಂದಾದರೂ ಸೇರಿಸಲೇಬೇಕೆನಿಸಿದರೆ, ಅವರ ಹೆಸರಿನ ಕೆಳಗೆ "ಇವರು ನಮ್ಮ ಗ್ರಾಹಕರೂ ಹೌದು" ಎಂದು ಉಳಿದ ಸಾಲುಗಳಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ.